25 ಮಿಲಿಮೀಟರ್ ಒತ್ತಡ

ದಾನಿಯ ದೇಹದಿಂದ ತೆಗೆದ ಮೇದೋಜೀರಕ ಗ್ರಂಥಿಯನ್ನು ಕಸಿಗೆ ಮುಂಚೆ ಆಪರೇಷನ್ ಥಿಯೇಟರಿನ ಬದಿಯ ಮೇಜಿನ ಮೇಲಿಟ್ಟು ಅಣಿಮಾಡುತ್ತಾರೆ. ಸರ್ಜನ್‌ಗಳು ಅದಕ್ಕೆ ಬ್ಯಾಕ್ ಟೇಬಲ್ ಅನ್ನುತ್ತಾರೆ. ಸ್ಟೀಲ್ ಬೋಗುಣಿ, ಅದರೊಳಗೆ ಮಂಜಿನ ಪುಡಿ, ನಡುವೆ ತಣ್ಣನೆಯ ದ್ರವದಲ್ಲಿ ಮುಳುಗಿದ, ಹಳದಿಗೂ ಗುಲಾಬಿಗೂ ನಡುವಿನ ಬಣ್ಣದ ಒಂದು ಮೆದು ಅಂಗ. ಅದರ ಬಾಲದ ತುದಿಗೆ ಗುಲ್ಮ ಇನ್ನೂ ಅಂಟಿಕೊಂಡಿರುತ್ತದೆ. ಗ್ರಂಥಿಯನ್ನೇ ಹಿಡಿದೆತ್ತಿದರೆ ಜಜ್ಜಿಹೋದೀತೆಂದು ದಾನಿಯಿಂದ ತೆಗೆಯುವಾಗ ಗುಲ್ಮವನ್ನು ಹಿಡಿದು ಎತ್ತಿರುತ್ತಾರೆ. ಈಗ ಆ ಗುಲ್ಮವನ್ನು ಬಿಡಿಸಬೇಕು. ತಲೆಯ ಕಡೆ ಅಂಟಿರುವ ಸಣ್ಣ ಕರುಳಿನ ತುಂಡನ್ನು, ಅಂದರೆ ಡುಯೋಡಿನಮ್ಮನ್ನು, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ ಎರಡೂ ತುದಿ ಮುಚ್ಚಬೇಕು. ಈ ಗ್ರಂಥಿಗೆ ರಕ್ತ ತರುವ ದೊಡ್ಡ ಅಪಧಮನಿಗಳು ಎರಡು: ತಲೆಯ ಭಾಗಕ್ಕೆ ಒಂದು, ಬಾಲದ ಭಾಗಕ್ಕೆ ಇನ್ನೊಂದು. ದಾನಿಯ ಸೊಂಟದೊಳಗಿನ ಅಪಧಮನಿ ಎರಡಾಗಿ ಕವಲೊಡೆಯುವ ಜಾಗವನ್ನು ಕತ್ತರಿಸಿ ತಂದು, ಅದರ ಎರಡು ಕವಲುಗಳನ್ನು ಇವೆರಡಕ್ಕೆ ಹೊಲಿದರೆ ಹೊಸ ದೇಹದಲ್ಲಿ ಒಂದೇ ಕಡೆ ಜೋಡಿಸಿದರೆ ಸಾಕಾಗುತ್ತದೆ. ಅಂಚಿನಲ್ಲಿ ಹರಿದುಹೋದ ಪ್ರತಿಯೊಂದು ಸಣ್ಣ ರಕ್ತನಾಳವನ್ನೂ ಹುಡುಕಿ ದಾರದಿಂದ ಕಟ್ಟಬೇಕು. ಒಂದು ತಪ್ಪಿದರೂ ರಕ್ತ ಹರಿಯತೊಡಗಿದ ಕ್ಷಣದಲ್ಲಿ ಅಲ್ಲಿಂದ ಒಸರುತ್ತದೆ.

ಈ ಕೆಲಸ ನಡೆಯುವಾಗಲೇ ಸರ್ಜನ್ ಇನ್ನೊಂದನ್ನೂ ತೀರ್ಮಾನಿಸಬೇಕು: ಈ ಅಂಗವನ್ನು ಬಳಸುವುದೋ, ಬಿಡುವುದೋ? ಕೊಬ್ಬು ಎಷ್ಟು ತುಂಬಿದೆ, ಮುಟ್ಟಿದರೆ ಗಟ್ಟಿಯಿದೆಯೋ ಮೆದುವಿದೆಯೋ, ಎಲ್ಲಾದರೂ ರಕ್ತ ಮಡುಗಟ್ಟಿದೆಯೋ, ಊದಿದೆಯೋ ಎಂದು ನೋಡುತ್ತಾರೆ. ಕಣ್ಣು ಮತ್ತು ಬೆರಳು, ಜೊತೆಗೆ ದಾನಿಯ ವಯಸ್ಸು, ತೂಕ, ರಕ್ತಪರೀಕ್ಷೆಯ ವರದಿ. ಕೋಟಿಗಟ್ಟಲೆ ಬೆಲೆಯ ಸ್ಕ್ಯಾನರುಗಳಿರುವ ಆಸ್ಪತ್ರೆಯಲ್ಲೂ ಈ ಒಂದು ನಿರ್ಧಾರ ಇಂದಿಗೂ ಬೆರಳ ತುದಿಯಲ್ಲಿದೆ. ಸಂಶಯ ಬಂದರೆ ಬಿಟ್ಟುಬಿಡುವುದೇ ರೂಢಿ. ಹಾಗೆ ಬಿಟ್ಟ ಗ್ರಂಥಿಗಳಲ್ಲಿ ಎಷ್ಟೋ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು ಎಂದು ನಂಬಲು ಕಾರಣಗಳಿವೆ. ಹೊರತೆಗೆದ ಗ್ರಂಥಿಯೊಳಗೆ ಯಂತ್ರದಿಂದ ದ್ರವ ಹರಿಸುತ್ತ ಅದನ್ನು ಕಾಪಾಡುವ ಪ್ರಯತ್ನಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ ಸಂಗತಿ. ಯಂತ್ರ ಕೊಡುವ ಹೆಚ್ಚುವರಿ ಗಂಟೆಗಳು ದೊಡ್ಡವೇ. ಅದು ಕೊಡಬಹುದಾದ ತಿಳಿವಳಿಕೆ ಅದಕ್ಕಿಂತ ದೊಡ್ಡದು.

ಗ್ರಂಥಿಯ ಸ್ವಭಾವವನ್ನು ಮೊದಲು ನೋಡೋಣ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಇದರ ಉದ್ದ ಸುಮಾರು 15 ಸೆಂಟಿಮೀಟರ್, ತೂಕ 100 ಗ್ರಾಂ ಆಸುಪಾಸು. ಇದಕ್ಕೆ ಎರಡು ಕಸುಬು. ದಿನಕ್ಕೆ ಒಂದೂವರೆ ಲೀಟರಿನಷ್ಟು ಜೀರ್ಣರಸ ತಯಾರಿಸಿ ಕರುಳಿಗೆ ಬಿಡುವುದು ಒಂದು. ರಕ್ತಕ್ಕೆ ನೇರವಾಗಿ ಇನ್ಸುಲಿನ್ ಸುರಿಸುವುದು ಇನ್ನೊಂದು. ಎರಡನೆಯ ಕೆಲಸ ಮಾಡುವ ಜೀವಕೋಶಗಳ ಗುಂಪುಗಳನ್ನು 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಸೂಕ್ಷ್ಮದರ್ಶಕದಲ್ಲಿ ಕಂಡ. ಅವು ಏನು ಮಾಡುತ್ತವೆಂದು ಅವನಿಗೆ ಗೊತ್ತಾಗಲಿಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯೊಂದರ ಮೇದೋಜೀರಕವನ್ನು ಪೂರ್ತಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು; ಸಂಬಂಧ ಸಿಕ್ಕಿತು. ಆ ಗುಂಪುಗಳಿಗೆ ಈಗ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳೆಂದೇ ಹೆಸರು. ಒಂದು ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷ ದ್ವೀಪಗಳಿದ್ದರೂ ಎಲ್ಲ ಸೇರಿ ಗ್ರಂಥಿಯ ತೂಕದ ಶೇ. 1ರಿಂದ 2ರಷ್ಟು ಮಾತ್ರ. ನಮಗೆ ಬೇಕಾದದ್ದು ಆ ಒಂದೆರಡು ಗ್ರಾಂ. ಅದರ ಸುತ್ತ ಇರುವುದೆಲ್ಲ ಮಾಂಸವನ್ನು ಕರಗಿಸಬಲ್ಲ ಕಿಣ್ವಗಳ ಉಗ್ರಾಣ. ಈ ನೆರೆಹೊರೆಯೇ ಮೇದೋಜೀರಕದ ಕಸಿಯನ್ನು ಕಷ್ಟದ ಕೆಲಸವಾಗಿಸಿದೆ.

ಇನ್ಸುಲಿನ್ ಇಂಜೆಕ್ಷನ್ ಇರುವಾಗ ಕಸಿ ಯಾಕೆ ಎಂಬ ಪ್ರಶ್ನೆ ಸಹಜ. 1922ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಮೊದಲ ಬಾರಿಗೆ ರೋಗಿಗೆ ಸಿಕ್ಕಿತು, ಸಾಯಬೇಕಿದ್ದ ಮಕ್ಕಳು ಬದುಕಿದರು. ಆದರೆ ಬದುಕಿದವರಲ್ಲಿ ಎಷ್ಟೋ ಮಂದಿಗೆ ಇಪ್ಪತ್ತು ಮೂವತ್ತು ವರ್ಷಗಳ ನಂತರ ಕಿಡ್ನಿ ಸೋತಿತು, ಕಣ್ಣು ಮಂಜಾಯಿತು, ಕಾಲಿನ ನರಗಳು ಸತ್ತವು. ಟೈಪ್ 1 ಮಧುಮೇಹದ ಇನ್ನೊಂದು ಸಂಕಟ ಹೊರಗಿನವರಿಗೆ ಕಾಣುವುದಿಲ್ಲ. ಕೆಲವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದರೂ ಬೆವರು, ನಡುಕದಂಥ ಯಾವ ಮುನ್ಸೂಚನೆಯೂ ಬರುವುದಿಲ್ಲ. ನೇರವಾಗಿ ಪ್ರಜ್ಞೆ ತಪ್ಪುತ್ತದೆ. ಅಂಥವರ ಮನೆಯಲ್ಲಿ ಹೆಂಡತಿಯೋ ತಾಯಿಯೋ ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು, ಮಲಗಿದವರ ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡುತ್ತಾರೆ, ಪಕ್ಕದಲ್ಲಿ ಗ್ಲೂಕೋಸ್ ಪುಡಿ ಕಲಸಿದ ಲೋಟ ಇಟ್ಟುಕೊಂಡು. ವರ್ಷಾನುಗಟ್ಟಲೆ ಹೀಗೆ ನಡೆಯುತ್ತದೆ. ಇಂಥ ಕೆಲವರಿಗೆ, ಮತ್ತು ಮುಖ್ಯವಾಗಿ ಕಿಡ್ನಿಯೂ ಬೇಕಾಗಿರುವವರಿಗೆ, ಮೇದೋಜೀರಕದ ಕಸಿ ಅರ್ಥಪೂರ್ಣ. ಹೇಗೂ ಕಿಡ್ನಿಗಾಗಿ ಜೀವನವಿಡೀ ನಿರೋಧ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳಬೇಕು. ಅದೇ ಔಷಧದ ನೆರಳಲ್ಲಿ ಎರಡನೆಯ ಅಂಗವೂ ಉಳಿಯುತ್ತದೆ.

ಮೊದಲ ಕಸಿ ನಡೆದದ್ದು 1966ರ ಡಿಸೆಂಬರಿನಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಕೆಲಿ ಮತ್ತು ರಿಚರ್ಡ್ ಲಿಲ್ಲಿಹೈ 28 ವರ್ಷದ ಮಹಿಳೆಯೊಬ್ಬರಿಗೆ ಕಿಡ್ನಿಯ ಜೊತೆಗೆ ಮೇದೋಜೀರಕದ ಒಂದು ಭಾಗವನ್ನು ಜೋಡಿಸಿದರು. ಕೆಲವು ದಿನ ಆಕೆಗೆ ಹೊರಗಿನ ಇನ್ಸುಲಿನ್ ಬೇಕಾಗಲಿಲ್ಲ. ಆಮೇಲೆ ಕಸಿ ಮಾಡಿದ ಗ್ರಂಥಿಯೇ ಉರಿಯೂತಕ್ಕೆ ಸಿಕ್ಕಿತು, ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡರು. ಜೀರ್ಣರಸ ಹೋಗಲು ದಾರಿಯಿಲ್ಲದಂತೆ ಅದರ ನಾಳವನ್ನು ಕಟ್ಟಿಬಿಟ್ಟಿದ್ದರು. ಆ ರಸವನ್ನು ಎಲ್ಲಿಗೆ ಹರಿಸಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಮುಂದಿನ ಎರಡು ದಶಕ ಕಳೆಯಿತು: ಮೂತ್ರಕೋಶಕ್ಕೆ ಬಿಟ್ಟರು, ಆಮೇಲೆ ಕರುಳಿಗೇ ಬಿಟ್ಟರು. ಆ ಕಥೆ ಇಲ್ಲಿ ಬೇಡ.

ನಮ್ಮ ಕಥೆ ಗಡಿಯಾರದ್ದು. ರಕ್ತ ನಿಂತ ಕೂಡಲೇ ಜೀವಕೋಶಕ್ಕೆ ಆಮ್ಲಜನಕ ಇಲ್ಲ. ಆಮ್ಲಜನಕವಿಲ್ಲದೆ ಎಟಿಪಿ ಎಂಬ ಇಂಧನ ಸಾಕಷ್ಟು ತಯಾರಾಗುವುದಿಲ್ಲ. ಎಟಿಪಿ ಇಲ್ಲದಿದ್ದರೆ ಜೀವಕೋಶದ ಪೊರೆಯಲ್ಲಿ ಸೋಡಿಯಂ ಅಯಾನುಗಳನ್ನು ಹೊರದಬ್ಬುವ ಪಂಪು ನಿಲ್ಲುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ, ಕೋಶ ಊದಿ ಒಡೆಯುತ್ತದೆ. 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಕೋಶದ ಚಟುವಟಿಕೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಆದರೆ ನಿಲ್ಲುವುದಿಲ್ಲ. ಸಾವನ್ನು ಮುಂದೂಡಿದಂತಾಯಿತು, ಅಷ್ಟೇ. ಹೃದಯಕ್ಕೆ ನಾಲ್ಕರಿಂದ ಆರು ಗಂಟೆ, ಕಿಡ್ನಿಗೆ ಒಂದು ದಿನ ಮತ್ತು ಇನ್ನೂ ಸ್ವಲ್ಪ. ಮೇದೋಜೀರಕವನ್ನು 12 ಗಂಟೆಯೊಳಗೆ ಜೋಡಿಸಲು ಎಲ್ಲರೂ ಹೆಣಗುತ್ತಾರೆ, ಸಾಧ್ಯವಾದರೆ ಇನ್ನೂ ಬೇಗ.

ಈ ತಂಪು ದ್ರವದ ಚರಿತ್ರೆಯಲ್ಲಿ ಮೇದೋಜೀರಕಕ್ಕೆ ಒಂದು ಗೌರವದ ಸ್ಥಾನವಿದೆ, ಹೆಚ್ಚಿನವರಿಗೆ ಅದು ಗೊತ್ತಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಲ್ಕರ್ಟ್ ಬೆಲ್ಜರ್ ಎಂಬ ಸರ್ಜನ್ ಮತ್ತು ಜೇಮ್ಸ್ ಸದರ್ಡ್ ಎಂಬ ಜೀವರಸಾಯನ ವಿಜ್ಞಾನಿ 1980ರ ದಶಕದಲ್ಲಿ ಹೊಸ ದ್ರವವೊಂದನ್ನು ರೂಪಿಸಿದರು. ಜೀವಕೋಶದೊಳಗೆ ನುಗ್ಗಲಾರದಷ್ಟು ದೊಡ್ಡ ಅಣುಗಳನ್ನು, ಲ್ಯಾಕ್ಟೋಬಯೋನೇಟ್ ಮತ್ತು ರಾಫಿನೋಸ್‌ಗಳನ್ನು, ಹೊರಗಿನ ದ್ರವದಲ್ಲಿ ಇರಿಸಿದರೆ ಅವು ನೀರನ್ನು ಹೊರಗೇ ಹಿಡಿದಿಡುತ್ತವೆ, ಕೋಶ ಊದುವುದಿಲ್ಲ ಎಂಬುದು ಅವರ ಲೆಕ್ಕ. ಜೊತೆಗೆ ರಕ್ತನಾಳದಿಂದ ದ್ರವ ಸೋರದಂತೆ ಒಂದು ಬಗೆಯ ಪಿಷ್ಟ, ಎಟಿಪಿ ಮತ್ತೆ ಕಟ್ಟಲು ಅಡೆನೋಸಿನ್, ಆಕ್ಸಿಡೀಕರಣದ ಹಾನಿ ತಡೆಯಲು ಗ್ಲುಟಾಥಯೋನ್ ಮತ್ತು ಅಲೋಪ್ಯೂರಿನಾಲ್. 1987ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಯ ಮೇದೋಜೀರಕ ಈ ದ್ರವದಲ್ಲಿ 72 ಗಂಟೆ ಉಳಿದು ಮತ್ತೆ ಕೆಲಸ ಮಾಡಿತು. ಯೂಡಬ್ಲ್ಯೂ ದ್ರಾವಣ ಎಂದು ಜಗತ್ತಿಗೆ ಪರಿಚಯವಾದ ಇದು ಯಕೃತ್ತಿನ ಕಸಿಯ ಹಣೆಬರಹವನ್ನೇ ಬದಲಿಸಿತು. ದೂರದ ಊರಿನಿಂದ ಲಿವರ್ ತಂದು ಮರುದಿನ ಬೆಳಗ್ಗೆ ನಿಧಾನವಾಗಿ ಜೋಡಿಸುವುದು ಸಾಧ್ಯವಾಯಿತು. ಯಕೃತ್ತು ಮುಂದೆ ಹೋಯಿತು. ದಾರಿ ತೋರಿಸಿದ ಮೇದೋಜೀರಕ ಮಂಜಿನ ಪೆಟ್ಟಿಗೆಯಲ್ಲೇ ಉಳಿಯಿತು.

ಯಂತ್ರದ ಯೋಚನೆ ಇದಕ್ಕಿಂತ ಹಳೆಯದು. 1935ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕರೆಲ್ ಎಂಬ ನೊಬೆಲ್ ವಿಜೇತ ಸರ್ಜನ್ ಮತ್ತು ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿ ದಾಟಿದ ವಿಮಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಸೇರಿ ಗಾಜಿನ ಪಂಪೊಂದನ್ನು ಮಾಡಿ ಬೆಕ್ಕಿನ ಥೈರಾಯ್ಡ್ ಗ್ರಂಥಿಯನ್ನು ದೇಹದ ಹೊರಗೆ ಜೀವಂತವಾಗಿಟ್ಟರು. ಲಿಂಡ್‌ಬರ್ಗನ ಹೆಂಡತಿಯ ಅಕ್ಕನಿಗೆ ಹೃದಯದ ಕವಾಟದ ಕಾಯಿಲೆಯಿತ್ತು. ಶಸ್ತ್ರಕ್ರಿಯೆ ನಡೆಯುವಷ್ಟು ಹೊತ್ತು ಹೃದಯದ ಕೆಲಸವನ್ನು ಪಂಪೇಕೆ ಮಾಡಬಾರದು ಎಂದು ಅವನು ವೈದ್ಯರನ್ನು ಕೇಳುತ್ತ ಹೋದದ್ದೇ ಅವನನ್ನು ಕರೆಲ್ ಬಳಿಗೆ ತಂದಿತು. ಮುಂದೆ 1967ರಲ್ಲಿ ಇದೇ ಬೆಲ್ಜರ್, ಆಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದವರು, ನಾಯಿಯ ಕಿಡ್ನಿಯನ್ನು 72 ಗಂಟೆ ಯಂತ್ರದಲ್ಲಿಟ್ಟು ಕಾಪಾಡಿದರು. ರಕ್ತದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಕರಗಿಸಿದಾಗ ಗಸಿಯಾಗಿ ಬೇರೆಯಾಗುವ ಕೊಬ್ಬಿನ ಅಂಶಗಳನ್ನು ಸೋಸಿ ತೆಗೆದರೆ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವುದಿಲ್ಲ ಎಂಬುದು ಅವರು ಕಂಡುಕೊಂಡ ಗುಟ್ಟು. 1968ರಲ್ಲಿ ಅವರ ತಂಡ ಮಾನವ ಕಿಡ್ನಿಯೊಂದನ್ನು 17 ಗಂಟೆ ಯಂತ್ರದಲ್ಲಿಟ್ಟು ಯಶಸ್ವಿಯಾಗಿ ಕಸಿ ಮಾಡಿದ ವರದಿ ಪ್ರಕಟಿಸಿತು.

ಆದರೆ 1969ರಲ್ಲಿ ಜೆಫ್ರಿ ಕಾಲಿನ್ಸ್ ಅಗ್ಗದ ದ್ರವವೊಂದನ್ನು ತೋರಿಸಿದರು: ಅಂಗವನ್ನು ಅದರಿಂದ ತೊಳೆದು ಮಂಜಿನಲ್ಲಿಟ್ಟರೆ ಒಂದು ದಿನಕ್ಕೂ ಹೆಚ್ಚು ಹೊತ್ತು ಕಿಡ್ನಿ ಉಳಿಯುತ್ತದೆ. ಲಾರಿಯಲ್ಲಿ ಸಾಗಿಸಬೇಕಾದಷ್ಟು ದೊಡ್ಡ ಯಂತ್ರದ ಬದಲು ಪಿಕ್ನಿಕ್ಕಿಗೆ ಒಯ್ಯುವಂಥ ಪೆಟ್ಟಿಗೆ ಸಾಕು ಎಂದಾಗ ಯಾರು ತಾನೇ ಯಂತ್ರವನ್ನು ಬಯಸುತ್ತಾರೆ? ಹಲವು ದಶಕ ಪೆಟ್ಟಿಗೆಯೇ ಗೆದ್ದಿತು. ದಾನಿಗಳ ಸ್ಥಿತಿ ಬದಲಾದಾಗ, ಅಂದರೆ ವಯಸ್ಸಾದವರ, ಸ್ಥೂಲಕಾಯದವರ, ಹೃದಯ ನಿಂತ ಮೇಲೆ ದಾನವಾದ ಅಂಗಗಳನ್ನೂ ಬಳಸಬೇಕಾದ ಒತ್ತಡ ಬಂದಾಗ, ಯಂತ್ರ ಮರಳಿ ಬಂತು. 2009ರಲ್ಲಿ ಯುರೋಪಿನಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ ಹೊರಬಿತ್ತು. 336 ದಾನಿಗಳ ಎರಡು ಕಿಡ್ನಿಗಳಲ್ಲಿ ಒಂದನ್ನು ಯಂತ್ರದಲ್ಲಿ, ಇನ್ನೊಂದನ್ನು ಮಂಜಿನಲ್ಲಿ ಇಟ್ಟಿದ್ದರು. ಕಸಿಯಾದ ಮೇಲೆ ಕಿಡ್ನಿ ಕೆಲಸ ಶುರು ಮಾಡಲು ತಡವಾಗಿ ಡಯಾಲಿಸಿಸ್ ಬೇಕಾದವರ ಪ್ರಮಾಣ ಮಂಜಿನಲ್ಲಿ ಶೇ. 26.5, ಯಂತ್ರದಲ್ಲಿ ಶೇ. 20.8. 2018ರಲ್ಲಿ ಯಕೃತ್ತಿನ ಸರದಿ: ದೇಹದ ಬಿಸಿಯಲ್ಲೇ, ರಕ್ತ ಹರಿಸುತ್ತಲೇ ಇಟ್ಟ ಲಿವರ್‌ಗಳಲ್ಲಿ ಹಾನಿಯೂ ಅರ್ಧದಷ್ಟು ಕಡಿಮೆ, ಬೇಡವೆಂದು ಬಿಟ್ಟವುಗಳ ಸಂಖ್ಯೆಯೂ ಅರ್ಧದಷ್ಟು ಕಡಿಮೆ. ಟೊರೊಂಟೊದಲ್ಲಿ ಶ್ವಾಸಕೋಶಗಳನ್ನು ಪಾರದರ್ಶಕ ಗುಮ್ಮಟದೊಳಗೆ ಉಸಿರಾಡಿಸಿ ಪರೀಕ್ಷಿಸಿ ಕಸಿ ಮಾಡುವುದು ವಾಡಿಕೆಯೇ ಆಯಿತು.

ಮೇದೋಜೀರಕ ಮಾತ್ರ ಹಿಂದೆ ಬಿತ್ತು, ಯಾಕೆ?

ಕಿಡ್ನಿ ಹುಟ್ಟಿರುವುದೇ ಹರಿವಿಗಾಗಿ. ಹೃದಯ ಪಂಪು ಮಾಡುವ ರಕ್ತದ ಐದನೇ ಒಂದು ಪಾಲು, ನಿಮಿಷಕ್ಕೆ ಒಂದು ಲೀಟರಿನಷ್ಟು, ಎರಡು ಕಿಡ್ನಿಗಳ ಮೂಲಕ ಹಾದುಹೋಗುತ್ತದೆ. ಅದಕ್ಕೆ ಗಟ್ಟಿಯಾದ ಹೊದಿಕೆಯೂ ಇದೆ. ಮೇದೋಜೀರಕಕ್ಕೆ ಬರುವ ರಕ್ತ ಅದಕ್ಕೆ ಹೋಲಿಸಿದರೆ ಅತ್ಯಲ್ಪ. ಹೊದಿಕೆಯೆನ್ನುವಂಥದ್ದು ಅದಕ್ಕಿಲ್ಲ, ಸಡಿಲ ಕೊಬ್ಬು, ತೆಳು ಅಂಗಾಂಶದ ನಡುವೆ ಸಣ್ಣ ಸಣ್ಣ ಹಾಲೆಗಳಾಗಿ ಹರಡಿಕೊಂಡಿದೆ. 1896ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ವಿವರಿಸಿದ ನಿಯಮವೇ ಇಲ್ಲಿ ಆಳುತ್ತದೆ. ಲೋಮನಾಳದೊಳಗಿನ ಒತ್ತಡ ನೀರನ್ನು ಹೊರದಬ್ಬುತ್ತದೆ, ರಕ್ತದ ಪ್ರೋಟೀನು ನೀರನ್ನು ಒಳಗೆ ಹಿಡಿದಿಡುತ್ತದೆ. ಎರಡರ ತೂಗಾಟ ತಪ್ಪಿದರೆ ಊತ. ಸಸಿಮಡಿಗೆ ಮೋಟಾರು ಪಂಪಿನ ಪೈಪು ಹಿಡಿದರೆ ಏನಾಗುತ್ತದೆಂದು ಭತ್ತ ಬೆಳೆಯುವವರಿಗೆ ಗೊತ್ತು: ನೀರು ಬೇಕೆಂಬುದು ನಿಜ, ಆದರೆ ಆ ರಭಸಕ್ಕೆ ಬೇರೇ ಕಿತ್ತುಬರುತ್ತದೆ. 1970 ಮತ್ತು 80ರ ದಶಕಗಳಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಿಡ್ನಿಗೆಂದು ಮಾಡಿದ ಯಂತ್ರಕ್ಕೆ ಜೋಡಿಸಿದ ಮೇದೋಜೀರಕ ಊದಿಕೊಂಡು ತೂಕ ಏರಿಸಿಕೊಳ್ಳುತ್ತಿತ್ತು. ಸಾದಾ ಮಂಜಿಗಿಂತ ಯಂತ್ರ ಮೇಲೆಂದು ತೋರಿಸಲು ಆಗಲಿಲ್ಲ. ಆಸಕ್ತಿ ಕುಂದಿತು.

ಊತ ಬರೀ ಊತವಾಗಿದ್ದರೆ ಸಹಿಸಬಹುದಿತ್ತು. ಊದಿದ ಅಂಗಾಂಶ ತನ್ನೊಳಗಿನ ತೆಳುಗೋಡೆಯ ಅಭಿಧಮನಿಗಳನ್ನು ಒತ್ತುತ್ತದೆ, ರಕ್ತ ನಿಧಾನಿಸುತ್ತದೆ, ನಿಧಾನಿಸಿದ ರಕ್ತ ಹೆಪ್ಪುಗಟ್ಟುತ್ತದೆ. ಬ್ಯಾಕ್ ಟೇಬಲ್ಲಿನಲ್ಲಿ ಗುಲ್ಮವನ್ನು ಬಿಡಿಸಿದೆವಲ್ಲ, ಅದರಿಂದ ಬರುತ್ತಿದ್ದ ದೊಡ್ಡ ಅಭಿಧಮನಿ ಈಗ ಮೂಲವಿಲ್ಲದೆ ಮುಚ್ಚಿದ ಕೊಳವೆಯಾಗಿ ಉಳಿದಿರುತ್ತದೆ. ಗುಲ್ಮದ ಧಾರಾಳ ರಕ್ತ ಹರಿಯುತ್ತಿದ್ದ ಅದರಲ್ಲಿ ಈಗ ಗ್ರಂಥಿಯ ಬಾಲದಿಂದ ಬರುವ ಸ್ವಲ್ಪ ರಕ್ತ ಮಾತ್ರ. ಹೆಪ್ಪು ಹುಟ್ಟಲು ಹೇಳಿ ಮಾಡಿಸಿದ ಜಾಗ ಅದು. ಕಸಿಯಾದ ಮೊದಲ ದಿನಗಳಲ್ಲಿ ಮೇದೋಜೀರಕ ಕಳೆದುಕೊಳ್ಳಲು ದೇಹದ ತಿರಸ್ಕಾರಕ್ಕಿಂತ ಮುಖ್ಯ ಕಾರಣ ಹೆಪ್ಪುಗಟ್ಟುವಿಕೆಯೇ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಗ್ರಂಥಿ ಒಂದೇ ರಾತ್ರಿಯಲ್ಲಿ ಕಪ್ಪಾಗಿ, ಬೆಳಗ್ಗೆ ಮತ್ತೆ ಹೊಟ್ಟೆ ಬಿಚ್ಚಿ ತೆಗೆಯಬೇಕಾಗುತ್ತದೆ. ಕಿಡ್ನಿ ಸೋತರೆ ಡಯಾಲಿಸಿಸ್, ಮೇದೋಜೀರಕ ಸೋತರೆ ಇನ್ಸುಲಿನ್. ಎರಡಕ್ಕೂ ಹಿಂದಿರುಗುವ ದಾರಿಯುಂಟು. ಆ ದಾರಿ ಇರುವುದರಿಂದಲೇ ಸರ್ಜನ್ ಅಪಾಯವಿರುವ ಮೇದೋಜೀರಕವನ್ನು ಮುಟ್ಟಲು ಹಿಂಜರಿಯುತ್ತಾರೆ. ಅಮೆರಿಕದಲ್ಲಿ 2004ರ ಸುಮಾರಿಗೆ ವರ್ಷಕ್ಕೆ 1,500ರ ಹತ್ತಿರ ಹೋಗಿದ್ದ ಮೇದೋಜೀರಕದ ಕಸಿಗಳು ಈಗ 1,000ಕ್ಕಿಂತ ಕೆಳಗಿವೆ.

ಮರಳಿ ಬಂದ ಯಂತ್ರ ಪಾಠ ಕಲಿತು ಬಂದಿದೆ. ಈ ಅಧ್ಯಾಯದ ಶೀರ್ಷಿಕೆಯ ಸಂಖ್ಯೆ ಆ ಪಾಠ. ದೇಹದೊಳಗೆ ಅಪಧಮನಿಯ ಸರಾಸರಿ ಒತ್ತಡ ಪಾದರಸದ 90 ಮಿಲಿಮೀಟರ್ ಸುಮಾರು. ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್ ತಂಡ ಮೇದೋಜೀರಕಕ್ಕೆ ಕೊಟ್ಟದ್ದು 25 ಮಾತ್ರ. ಎರಡು ಅಪಧಮನಿಗಳಿಗೆ ಎರಡು ಪ್ರತ್ಯೇಕ ಪಂಪು, ಯಾವುದಕ್ಕೆ ಎಷ್ಟು ಹೋಗುತ್ತಿದೆಯೆಂದು ಬೇರೆ ಬೇರೆಯಾಗಿ ಅಳೆಯುವ ವ್ಯವಸ್ಥೆ, ತಂಪಾದ, ಆಮ್ಲಜನಕ ತುಂಬಿದ ದ್ರವ, ಆರು ಗಂಟೆ. 2018ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಕಸಿಗೆ ಒಗ್ಗದೆ ಸಂಶೋಧನೆಗೆ ಕೊಟ್ಟ 20 ಮಾನವ ಗ್ರಂಥಿಗಳಿದ್ದವು. ಯಂತ್ರದಲ್ಲಿಟ್ಟವುಗಳ ಅಂಗಾಂಶದಲ್ಲಿ ಎಟಿಪಿ ಹಲವು ಪಟ್ಟು ಹೆಚ್ಚಿತ್ತು, ಹಳೆಯ ಪ್ರಯೋಗಗಳನ್ನು ಕೆಡಿಸಿದ್ದ ಊತ ಕಾಣಲಿಲ್ಲ. ಅದೇ ಹೊತ್ತಿಗೆ ಫ್ರಾನ್ಸಿನ ನಾಂತ್ ತಂಡ ತಂಪು ಯಂತ್ರದಲ್ಲಿ ಮಾನವ ಗ್ರಂಥಿಗಳನ್ನು 24 ಗಂಟೆಯವರೆಗೆ ಇಟ್ಟು ನೋಡಿತು; ಅಲ್ಲೂ ಊತ ಕೈಮೀರಲಿಲ್ಲ.

ತಂಪಿನಲ್ಲೂ ಆಮ್ಲಜನಕ ಯಾಕೆ ಇಷ್ಟು ಉಪಕಾರಿ ಎಂಬುದಕ್ಕೆ ಒಳ್ಳೆಯ ವಿವರಣೆ ಸಿಕ್ಕಿದ್ದು 2014ರಲ್ಲಿ, ಕೇಂಬ್ರಿಜ್‌ನ ಮೈಕ್ ಮರ್ಫಿ ಮತ್ತವರ ಸಂಗಡಿಗರಿಂದ. ಆಮ್ಲಜನಕ ಸಿಗದ ಕೋಶದ ಮೈಟೋಕಾಂಡ್ರಿಯದಲ್ಲಿ ಸಕ್ಸಿನೇಟ್ ಎಂಬ ವಸ್ತು ಜಮೆಯಾಗುತ್ತ ಹೋಗುತ್ತದೆ. ಬಿಸಿ ರಕ್ತ ಒಮ್ಮೆಲೇ ನುಗ್ಗಿದಾಗ ಅಷ್ಟೂ ಸಕ್ಸಿನೇಟ್ ಒಟ್ಟಿಗೆ ಉರಿದು, ಎಲೆಕ್ಟ್ರಾನುಗಳು ತಮ್ಮ ದಾರಿಯಲ್ಲಿ ಹಿಮ್ಮುಖವಾಗಿ ಹರಿದು, ಉಗ್ರ ಆಮ್ಲಜನಕ ಅಣುಗಳ ಸ್ಫೋಟವಾಗುತ್ತದೆ. ಕಸಿಯ ಅಂಗಕ್ಕೆ ಹೆಚ್ಚು ಪೆಟ್ಟು ಬೀಳುವುದು ರಕ್ತ ನಿಂತಾಗಲ್ಲ, ರಕ್ತ ಮರಳಿದಾಗ. ತಂಪಿನಲ್ಲಿ ನಿಧಾನವಾಗಿ ಆಮ್ಲಜನಕ ಉಣಿಸಿದರೆ ಆ ಸಕ್ಸಿನೇಟ್ ಸ್ವಲ್ಪ ಸ್ವಲ್ಪವೇ ಖಾಲಿಯಾಗಿ, ಮೈಟೋಕಾಂಡ್ರಿಯ ಎಟಿಪಿಯನ್ನು ಮತ್ತೆ ಕೂಡಿಟ್ಟುಕೊಂಡು, ಬಿಸಿ ರಕ್ತವನ್ನು ಎದುರಿಸಲು ಅಣಿಯಾಗುತ್ತದೆ. ಹಾಗಾಗಿ ಇಡೀ ಪ್ರಯಾಣ ಯಂತ್ರದಲ್ಲೇ ಆಗಬೇಕೆಂದಿಲ್ಲ. ಪೆಟ್ಟಿಗೆಯಲ್ಲಿ ತಂದು ಕೊನೆಯ ಕೆಲವು ಗಂಟೆ ಯಂತ್ರಕ್ಕೆ ಜೋಡಿಸಿದರೂ ಲಾಭವಿದೆ ಎಂಬುದನ್ನು ಯಕೃತ್ತು ಈಗಾಗಲೇ ತೋರಿಸಿದೆ.

ಇನ್ನೊಂದು ದಾರಿ ಬಿಸಿಯದು: 37 ಡಿಗ್ರಿ, ಕೆಂಪು ರಕ್ತಕಣಗಳಿರುವ ದ್ರವ, ದೇಹದೊಳಗಿದ್ದಂತೆಯೇ. ಇದು ಹೆಚ್ಚು ಕಠಿಣ. ಬೆಚ್ಚಗಾದ ಮೇದೋಜೀರಕ ತನ್ನ ಹಳೆಯ ಕಸುಬಿಗೆ ಇಳಿಯುತ್ತದೆ, ರಸ ಸುರಿಸತೊಡಗುತ್ತದೆ. ಆ ರಸವನ್ನು ಕೊಳವೆಯಿಂದ ಹೊರಗೆ ತೆಗೆಯಬೇಕು, ಒಳಗೆ ಸೋರಿದ ಕಿಣ್ವವನ್ನು ತಡೆಯಲು ಔಷಧ ಬೇಕು. ಟೊರೊಂಟೊದ ತಂಡ ಹಂದಿಗಳ ಗ್ರಂಥಿಯ ಮೇಲೆ ಕೆಲಸ ಮಾಡುವಾಗ ಯಂತ್ರದ ಸುತ್ತಿನಲ್ಲಿ ಡಯಾಲಿಸಿಸ್ ಸೋಸುಕವನ್ನೂ ಸೇರಿಸಿತು, ಬೇಡದ್ದು ಜಮೆಯಾಗದೆ ಹೊರಹೋಗಲಿ ಎಂದು. ಕೇಂಬ್ರಿಜ್‌ನಲ್ಲಿ 2015ರಲ್ಲಿ ಕಸಿಗೆ ಬೇಡವೆಂದ ಐದು ಮಾನವ ಗ್ರಂಥಿಗಳನ್ನು ಹೀಗೆ ಬೆಚ್ಚಗೆ ಹರಿಸಿ ನೋಡಿದರು. ಆ ಅಧ್ಯಯನದ ಹೆಸರಿನಲ್ಲೇ ಗುಣಮಟ್ಟದ ಪರೀಕ್ಷೆ ಎಂಬ ಮಾತಿದೆ. ನನಗೆ ಅದು ಸರಿಯಾದ ಗುರಿ ಅನಿಸುತ್ತದೆ. ಬೆಚ್ಚಗಿನ ಯಂತ್ರದಲ್ಲಿರುವ ಗ್ರಂಥಿಗೆ ಗ್ಲೂಕೋಸ್ ಕೊಟ್ಟು, ಹತ್ತು ನಿಮಿಷ ಕಾದು, ಹೊರಬರುವ ದ್ರವದಲ್ಲಿ ಇನ್ಸುಲಿನ್ ಏರಿತೋ ಇಲ್ಲವೋ ಎಂದು ನೇರವಾಗಿ ಕೇಳಬಹುದು. ಆಮ್ಲಜನಕದ ಕೊರತೆ ತೋರಿಸುವ ಲ್ಯಾಕ್ಟೇಟ್ ಇಳಿಯುತ್ತಿದೆಯೇ, ಗ್ರಂಥಿಗೆ ಪೆಟ್ಟಾದಾಗ ಸೋರುವ ಅಮೈಲೇಸ್ ಎಂಬ ಕಿಣ್ವ ಏರುತ್ತಿದೆಯೇ, ಅದೇ ಒತ್ತಡದಲ್ಲಿ ಹರಿವು ಹೆಚ್ಚುತ್ತಿದೆಯೇ ಕುಗ್ಗುತ್ತಿದೆಯೇ ಎಂಬ ಲೆಕ್ಕಗಳೂ ಸಿಗುತ್ತವೆ. ಬೆರಳಿನ ತುದಿಗೆ ಗೊತ್ತಾಗದ ಇವೆಲ್ಲ ಪರದೆಯ ಮೇಲೆ ಅಂಕಿಗಳಾಗಿ ಬರುತ್ತವೆ. ಯಾವ ಅಂಕಿ ಯಾವ ಭವಿಷ್ಯವನ್ನು ಹೇಳುತ್ತದೆಂಬುದನ್ನು ಮಾತ್ರ ಇನ್ನೂ ಕಸಿಯಾದ ರೋಗಿಗಳಿಂದ ಕಲಿಯಬೇಕಾಗಿದೆ.

ಇಡೀ ಗ್ರಂಥಿಯನ್ನು ಬಿಟ್ಟು ದ್ವೀಪಗಳನ್ನಷ್ಟೇ ಕಸಿ ಮಾಡುವವರೂ ಈ ಯಂತ್ರದತ್ತ ನೋಡುತ್ತಿದ್ದಾರೆ. 2000ದಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ಜೇಮ್ಸ್ ಶಪಿರೊ ತಂಡ ಏಳು ರೋಗಿಗಳಿಗೆ ದ್ವೀಪಗಳನ್ನು ಯಕೃತ್ತಿನ ರಕ್ತನಾಳಕ್ಕೆ ಹರಿಸಿ ಇನ್ಸುಲಿನ್ ಬಿಡಿಸಿತು. 2023ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅಂಥ ದ್ವೀಪಗಳ ಚಿಕಿತ್ಸೆಯೊಂದಕ್ಕೆ ಅನುಮತಿಯನ್ನೂ ಕೊಟ್ಟರು. ದ್ವೀಪಗಳನ್ನು ಬೇರ್ಪಡಿಸಲು ಕೊಲಾಜಿನೇಸ್ ಎಂಬ ಕಿಣ್ವವನ್ನು ಗ್ರಂಥಿಯ ನಾಳದೊಳಗೆ ತುಂಬಿ, ಬೆಚ್ಚಗೆ ಅಲುಗಾಡಿಸಿ ಅಂಗಾಂಶವನ್ನು ಕರಗಿಸುತ್ತಾರೆ. ಇಲ್ಲಿ ಸ್ವಲ್ಪ ಊತ ಒಳ್ಳೆಯದೇ. ಹಾಲೆಗಳ ನಡುವಿನ ಸಂದು ಅಗಲವಾಗಿದ್ದರೆ ಕಿಣ್ವ ಸಲೀಸಾಗಿ ಹರಡುತ್ತದೆ. ಹಂದಿಯ ಗ್ರಂಥಿಗಳನ್ನು 24 ಗಂಟೆ ಯಂತ್ರದಲ್ಲಿಟ್ಟು ಆಮೇಲೆ ದ್ವೀಪ ತೆಗೆದ ಪ್ರಯೋಗಗಳಲ್ಲಿ ಫಲ ಚೆನ್ನಾಗಿತ್ತು. ನೆದರ್‌ಲ್ಯಾಂಡ್ಸಿನ ಲೈಡನ್ನಿನಲ್ಲಿ ಮಾನವ ಗ್ರಂಥಿಗಳ ಮೇಲೂ ಇದೇ ಪ್ರಯತ್ನ ನಡೆದಿದೆ. ಒಂದೇ ಯಂತ್ರ, ಒಂದೇ ಅಂಗ. ಕಸಿಗೆ ಹೋಗುವುದಾದರೆ ಒಂದು ಒತ್ತಡ, ದ್ವೀಪಗಳಿಗೆ ಹೋಗುವುದಾದರೆ ಇನ್ನೊಂದು ಒತ್ತಡ ಸರಿಯಾದೀತು.

ಭಾರತದಲ್ಲಿ 1994ರ ಅಂಗಾಂಗ ಕಸಿ ಕಾನೂನು ಬಂದು ಮೂವತ್ತು ವರ್ಷವಾಯಿತು. ಮರಣಾನಂತರದ ದಾನಿಗಳ ಸಂಖ್ಯೆ ವರ್ಷಕ್ಕೆ ಸಾವಿರ ದಾಟಿದ್ದು 2023ರಲ್ಲಿ, ಅದೇ ಮೊದಲು. ಕಿಡ್ನಿ, ಲಿವರ್‌ಗೆ ಕಾದಿರುವವರ ಸಾಲು ಉದ್ದ, ಅವು ಬಳಕೆಯಾಗುತ್ತವೆ. ಮೇದೋಜೀರಕದ ಕಸಿ ಚಂಡೀಗಢ, ಕೊಚ್ಚಿಯಂಥ ಬೆರಳೆಣಿಕೆಯ ಊರುಗಳ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಅಂಗಗಳನ್ನು ಹಂಚುತ್ತದೆ, ಪೊಲೀಸರು ಗ್ರೀನ್ ಕಾರಿಡಾರ್ ಬಿಡಿಸಿಕೊಡುತ್ತಾರೆ, ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬೆಂಗಳೂರಿಗೆ ಅಂಗವೊಂದು ಮೇದೋಜೀರಕದ ಗಡುವಿನೊಳಗೇ ತಲುಪಬಲ್ಲದು. ಅಂದಮೇಲೆ ನಮ್ಮಲ್ಲಿ ಯಂತ್ರದ ಹೆಚ್ಚುವರಿ ಗಂಟೆಗಳಿಗಿಂತ ಅದರ ಪರೀಕ್ಷೆಯ ಶಕ್ತಿ ಬೆಲೆಯುಳ್ಳದ್ದು. ಹೊಸದಾಗಿ ಈ ಕಸಿ ಶುರು ಮಾಡುವ ಕೇಂದ್ರದ ಸರ್ಜನ್‌ಗೆ ನೂರಾರು ಗ್ರಂಥಿಗಳನ್ನು ಮುಟ್ಟಿದ ಅನುಭವ ಇರುವುದಿಲ್ಲ. ಯಂತ್ರದ ಅಂಕಿಗಳು ಹೆಚ್ಚು ನೆರವಾಗುವುದು ಅಂಥವರಿಗೇ.

ಕಿಡ್ನಿಗೂ ಲಿವರ್‌ಗೂ ಇರುವಂಥ ದೊಡ್ಡ ಪ್ರಯೋಗ ಮೇದೋಜೀರಕಕ್ಕೆ ಇನ್ನೂ ಆಗಿಲ್ಲ. ಆಸಕ್ತಿಯ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ದಾನಿಯೊಬ್ಬರಿಂದ ಎರಡು ಕಿಡ್ನಿ ಬರುತ್ತವೆ, ಒಂದನ್ನು ಯಂತ್ರಕ್ಕೆ, ಇನ್ನೊಂದನ್ನು ಮಂಜಿಗೆ ಹಾಕಿ ಹೋಲಿಸಬಹುದು. ದಾನಿಯ ವಯಸ್ಸು, ಕಾಯಿಲೆಗಳ ವ್ಯತ್ಯಾಸ ತಾನೇ ತೀರಿಹೋಗುತ್ತದೆ. ಮೇದೋಜೀರಕ ಒಂದೇ. ಹೆಪ್ಪುಗಟ್ಟಿ ಹಾಳಾಗುವ ಪ್ರಮಾಣ ಶೇ. 8 ಎಂದಿಟ್ಟುಕೊಂಡು, ಯಂತ್ರ ಅದನ್ನು ಶೇ. 4ಕ್ಕೆ ಇಳಿಸುತ್ತದೆಂದು ಸಂಖ್ಯಾಶಾಸ್ತ್ರದ ಸಾಮಾನ್ಯ ನಿಯಮದಂತೆ ಖಚಿತಪಡಿಸಬೇಕಾದರೆ ಎರಡೂ ಗುಂಪು ಸೇರಿ ಸುಮಾರು 1,100 ರೋಗಿಗಳು ಬೇಕು. ಅಮೆರಿಕದಲ್ಲಿ ಒಂದು ವರ್ಷದಲ್ಲಿ ನಡೆಯುವ ಎಲ್ಲ ಮೇದೋಜೀರಕದ ಕಸಿಗಳಿಗಿಂತ ಇದು ಹೆಚ್ಚು. ಹಲವು ದೇಶಗಳು ಒಟ್ಟಾಗದೆ ಇದು ಆಗುವ ಕೆಲಸವಲ್ಲ. ಒಟ್ಟಾಗುವುದಕ್ಕೂ ಮೊದಲು ಒತ್ತಡ 20 ಇರಬೇಕೋ 25 ಇರಬೇಕೋ, ಎರಡು ಗಂಟೆ ಸಾಕೋ ಆರು ಬೇಕೋ, ದ್ರವ ತಂಪಿರಬೇಕೋ ಬೆಚ್ಚಗಿರಬೇಕೋ ಎಂಬುದನ್ನು ಗ್ರೋನಿಂಗೆನ್, ನಾಂತ್, ಟೊರೊಂಟೊ, ಕೇಂಬ್ರಿಜ್‌ಗಳು ತಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಬೇಕು.